ಅಮ್ಮನ ಕೌಂಟ್

ಪ್ರೀತಿಯ ಅಪ್ಪ,

ಬಿಳಿ ರಕ್ತಕಣ ಕಡಿಮೆ ಅಂತ ಅಮ್ಮನ ಕ್ಯಾನ್ಸರ್ ಔಷಧಿ ಶುರುಮಾಡುವುದನ್ನೇ ಮತ್ತೆ ಮುಂದೂಡಿದ್ದಾರೆ ಅಂದಿರಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಮೊನ್ನೆ ಕಾಲೇಜಿನ ಪ್ರಾಕ್ಟಿಕಲ್‌ನಲ್ಲಿ ನಮ್ಮ ನಮ್ಮ ಬೆರಳು ಚುಚ್ಚಿಕೊಂಡು ಕಣ ಎಣಿಸಿದೆವು. ನನ್ನದೂ ಅಮ್ಮನದಷ್ಟೇ ಕಡಿಮೆ! ರೂಮ್‌ಮೇಟ್, "ನಿನ್ನ ಸೈನ್ಯ ರಜೆ ಹಾಕಿದೆಯೇನೇ?" ಅಂತ ನಕ್ಕಳು. ನಾನು ಅಳುತ್ತಲೇ ಸ್ಲೈಡನ್ನು ಮೇಡಂಗೆ ತೋರಿಸಿದೆ. ಮೇಡಂ ಮತ್ತೊಮ್ಮೆ ಎಣಿಸಿ, "ಗುಂಡುಕಲ್ಲಿನ ಹಾಗಿದ್ದೀಯ, ಅಳೋದ್ಯಾಕೆ? ಪುಸ್ತಕದ ನಾರ್ಮಲ್ ಬೇರೆ ಜನರ ರಕ್ತ ನೋಡಿ ಬರೆದದ್ದು. ಕೆಲವು ಜನಾಂಗದವರಿಗೆ ಹುಟ್ಟಿನಿಂದಲೇ ಇಷ್ಟೇ ಇರುತ್ತೆ," ಅಂದರು.

ಅಮ್ಮನದೂ ಹಾಗೇ ಇರಬಹುದು, ಗ್ಯಾರಂಟಿ ಇಲ್ಲ. ಕಾಯಿಲೆಗೆ ಮುಂಚಿನ ಅವರ ಹಳೇ ರಿಪೋರ್ಟ್ ಹುಡುಕಿ, ನನ್ನದರ ಜೊತೆ ಡಾಕ್ಟರಿಗೆ ತೋರಿಸಿ. ಮೊದಲಿನಿಂದಲೂ ಇಷ್ಟೇ ಇದ್ದರೆ ಔಷಧಿ ಶುರುಮಾಡಬಹುದಾ ಅಂತ ಸಂಕೋಚಪಡದೆ ಕೇಳಿ, ಪ್ಲೀಸ್.

ನನಗೆ ಅಮ್ಮನದೇನೂ ಬಂದಿಲ್ಲ ಅಂತ ಸೋದರತ್ತೆ ಹಂಗಿಸುತ್ತಾರಲ್ಲ, ಬಂದಿದೆ ಅಂತ ಅಮ್ಮನಿಗೆ ಹೇಳಿ.

ನಿಮ್ಮ ಪುಟ್ಟಿ