ಶನಿವಾರದ ಸಂಘ

ಮಾರ್ಚ್ ೧೫, ಭಾನುವಾರ

ಪ್ರೀತಿಯ ಪುಟ್ಟಿ,

ನಿನ್ನ ಎರಡು ಕಾಗದಗಳೂ ತಲುಪಿವೆ. ಮೊದಲನೆಯದಕ್ಕೇ ಉತ್ತರ ಬರೆಯದವಳು ಎರಡನೆಯದನ್ನು ಒಡೆಯುವಾಗ ಬೈಗುಳ ಕಾದಿದೆ ಅಂದುಕೊಂಡಿದ್ದೆ. ನೀನು ಬೈದಿಲ್ಲ, ಅದೇ ಹೆಚ್ಚು ಚುಚ್ಚಿತು. ಫೋನ್ ಮಾಡಬಹುದಿತ್ತಲ್ಲ ಅನ್ನುತ್ತೀಯ. ನನ್ನ ದನಿ ಕೇಳಿದ ತಕ್ಷಣ ನೀನು "ಏನಾಯ್ತಕ್ಕ?" ಅನ್ನುತ್ತೀಯ, ಆಮೇಲೆ ನನಗೆ ಮಾತೇ ಹೊರಡುವುದಿಲ್ಲ. ಕಾಗದವಾದರೆ ಅರ್ಧಕ್ಕೆ ನಿಲ್ಲಿಸಿ, ಎದ್ದು ಹೋಗಿ ಮುಖ ತೊಳೆದುಕೊಂಡು ಬಂದು ಮುಂದುವರಿಸಬಹುದು. ಮಗಳ ಹಲ್ಲಿನ ತಂತಿ ಬಿಚ್ಚಿಸಿದಿರಾ? ಅವಳೀಗ ಬಾಯಿ ತುಂಬ ನಗುತ್ತಾಳೆಂದು ಬರೆದಿದ್ದೀಯ. ಆ ಸಾಲನ್ನು ಮತ್ತೆ ಮತ್ತೆ ಓದಿದೆ.

ನಾಲ್ಕು ಜನ ಸೇರಿದರೆ ಗೋಡೆಗೆ ಅಂಟಿಕೊಳ್ಳುವ ಅಕ್ಕ ಸಂಘ ಗಿಂಘ ಅಂತ ಹೇಗೆ ಹೊರಟಳು ಎಂದು ಕೇಳಿದ್ದೀಯ. ಅದರ ಕಥೆ ಮುಗಿದಿದೆ, ಹಾಗಾಗಿ ಪೂರ್ತಿ ಹೇಳಬಹುದು.

ಕಳೆದ ವರ್ಷ ಒಂದು ಮಧ್ಯಾಹ್ನ ನಮ್ಮ ಆಸ್ಪತ್ರೆಯ ಲೈಬ್ರರಿಗೆ ಒಬ್ಬ ಹಿರಿಯರು ಬಂದರು. ಬಿಳಿ ಹುಬ್ಬು, ಹೆಗಲಿಗೊಂದು ಬಟ್ಟೆಯ ಚೀಲ. ಮೆಡಿಕಲ್ ಕಾಲೇಜಿನಲ್ಲಿ ಲೈಬ್ರರಿಯನ್ ಆಗಿ ನಿವೃತ್ತರಾದವರು. ಎಲ್ಲರೂ ಅವರನ್ನು ತಾತ ಎನ್ನುತ್ತಾರೆ. ಈ ಭಾಗದ ವೈದ್ಯಕೀಯ ಗ್ರಂಥಪಾಲಕರ ಸಂಘಕ್ಕೆ ಅವರೇ ಅಧ್ಯಕ್ಷರು. "ಬನ್ನಿಮ್ಮ ನಮ್ಮ ಸಂಘಕ್ಕೆ. ನಾವು ಮಾಡೋ ಕೆಲಸ ಏನು ಅಂತ ನಮ್ಮ ಮನೆಯವರಿಗೇ ಗೊತ್ತಿಲ್ಲ. ಗೊತ್ತಿರೋರಾದ್ರೂ ತಿಂಗಳಿಗೊಂದು ಸಲ ಒಟ್ಟಿಗೆ ಕೂತು ಚಹಾ ಕುಡಿಯೋಣ" ಅಂದರು. ನೋಡೋಣ ಅಂದೆ. ಆ ಶನಿವಾರವೇ ಹೋದೆ.

ತಿಂಗಳ ಎರಡನೇ ಶನಿವಾರ ಸಭೆ ನಡೆಯುತ್ತಿದ್ದದ್ದು ನರ್ಸಿಂಗ್ ಶಾಲೆಯ ಪಾಠದ ಕೋಣೆಯಲ್ಲಿ. ಮೂಲೆಯಲ್ಲಿ ಒಂದು ಅಸ್ಥಿಪಂಜರ ತೂಗುಹಾಕಿದ್ದರು. "ಇವರು ನಮ್ಮ ಹಿರಿಯ ಸದಸ್ಯರು, ಒಂದು ಸಭೇನೂ ತಪ್ಪಿಸಿಲ್ಲ" ಎಂದು ತಾತ ಪರಿಚಯ ಮಾಡಿಸಿದರು. ಉಳಿದವರೂ ಅಷ್ಟೇನೂ ದಷ್ಟಪುಷ್ಟರಲ್ಲ. ಅಲ್ಲಿ ಯಾರೂ ಯಾರನ್ನೂ ಹೆಸರು ಹಿಡಿದು ಕರೆಯುವುದಿಲ್ಲ, ಯಾವ ಆಸ್ಪತ್ರೆಯೋ ಅದೇ ಹೆಸರು. ಕಣ್ಣು, ಹೃದಯ, ಮೂಳೆ. "ಹೃದಯ ಇವತ್ತು ತಡ, ಕಣ್ಣಿಗೆ ರಜೆ ಸಿಕ್ಕಿಲ್ಲ" ಎಂದು ಅವರು ಮಾತಾಡಿಕೊಳ್ಳುವಾಗ ಹೊರಗಿನವರು ಕೇಳಿದ್ದರೆ ಓಡಿಹೋಗುತ್ತಿದ್ದರು. ಕಾರ್ಯದರ್ಶಿ ಯಾರಾಗುತ್ತೀರಿ ಎಂದು ತಾತ ಕೇಳಿದಾಗ ಎಲ್ಲರೂ ಫ್ಯಾನು ನೋಡತೊಡಗಿದರು. ನಾನು ಹೊಸಬಳು, ಫ್ಯಾನು ನೋಡಬೇಕೆಂದು ಗೊತ್ತಿರಲಿಲ್ಲ. ಹಾಗಾಗಿ ಕಾರ್ಯದರ್ಶಿಯಾದೆ.

ಆಮೇಲಿನ ಕೆಲವು ತಿಂಗಳು ನಾನು ನಿಜಕ್ಕೂ ಬದುಕಿದ್ದೆ ಕಣೇ. ಒಂದು ಲೈಬ್ರರಿಯಲ್ಲಿ ಇಲ್ಲದ ಜರ್ನಲ್ ಇನ್ನೊಂದರಲ್ಲಿರುತ್ತದೆ. ಯಾರಿಗೆ ಯಾವ ಲೇಖನ ಬೇಕೋ ಇನ್ನೊಬ್ಬರು ಹುಡುಕಿ ಕಳಿಸಬೇಕು ಎಂದು ಒಂದು ಏರ್ಪಾಡು ಮಾಡಿದೆ. ಒಮ್ಮೆ ನಮ್ಮಲ್ಲಿ ಹುಟ್ಟಿದ ಮಗುವೊಂದರ ಹೃದಯದ ರಕ್ತನಾಳ ಅದಲುಬದಲಾಗಿತ್ತು. ಸರ್ಜನ್‌ಗೆ ಬಹಳ ಹಳೆಯ ಒಂದು ಲೇಖನ ಬೇಕಾಗಿತ್ತು, ಎಲ್ಲೂ ಸಿಗಲಿಲ್ಲ. ಹೃದಯನಿಗೆ ಫೋನ್ ಮಾಡಿದೆ. ಅವನು ಅಟ್ಟ ಹತ್ತಿ, ಕಟ್ಟುಗಳನ್ನು ಇಳಿಸಿ, ಒಂದೊಂದೇ ಪುಟದ ಫೋಟೊ ತೆಗೆದು ಕಳಿಸಿದ. ಮಗು ಮನೆಗೆ ಹೋದ ದಿನ ಅವನಿಗೆ ಹೇಳಿದೆ. "ಧೂಳು ಇನ್ನೂ ಮೂಗಲ್ಲೇ ಇದೆ ಅಕ್ಕ" ಅಂದ. ಅವನು ಅಳುತ್ತಿದ್ದ.

ಇಷ್ಟೇ ನಮ್ಮ ಸಂಘದ ಸಾಧನೆ. ಆ ಮಳೆಗಾಲ ಮುಗಿಯುವ ಮೊದಲೇ ಕಣ್ಣಿನ ಲೈಬ್ರರಿ ಮುಚ್ಚಿತು. ಅಲ್ಲೀಗ ಕನ್ನಡಕದ ಅಂಗಡಿ. ಮೂಳೆಯನ್ನು ಉಗ್ರಾಣಕ್ಕೆ ಹಾಕಿದರು, ಬ್ಯಾಂಡೇಜು ಎಣಿಸುವುದಕ್ಕೆ. ನಮ್ಮ ಹೊಸ ಆಡಳಿತಾಧಿಕಾರಿ ಒಂದು ದಿನ ಬಂದು ಕೋಣೆಯ ಉದ್ದಗಲ ನೋಡಿ, "ಮೇಡಂ, ಎಲ್ಲಾ ಡಾಕ್ಟ್ರ ಫೋನಲ್ಲೇ ಸಿಗತ್ತಲ್ಲ ಈಗ. ಈ ರೂಮಿಗೆ ಗಾಳಿ ಬೆಳಕು ಚೆನ್ನಾಗಿದೆ" ಅಂದರು. ಪಾಪ, ಕೆಟ್ಟ ಮನುಷ್ಯರಲ್ಲ. ಹೋಗುವಾಗ ಬಾಗಿಲನ್ನು ಮೆಲ್ಲಗೆ ಮುಂದೆ ಮಾಡಿಕೊಂಡು ಹೋದರು.

ಎಲ್ಲ ಆಸ್ಪತ್ರೆಗಳಿಗೂ ಸಂಘದಿಂದ ಒಂದು ಮನವಿ ಕೊಡೋಣ ಎಂದೆ. ಹಟ ಹಿಡಿದು ನಾನೇ ಬರೆದೆ, ಸಭೆಯಲ್ಲಿ ಓದಿದೆ, ಚಪ್ಪಾಳೆ ತಟ್ಟಿದರು. ಸಹಿಗೆ ಮುಂದೆ ಇಟ್ಟಾಗ ಎಲ್ಲರೂ ಮತ್ತೆ ಫ್ಯಾನು ನೋಡತೊಡಗಿದರು. ಕಣ್ಣು ನನ್ನ ಪಕ್ಕಕ್ಕೆ ಬಂದು ಕೂತಳು. "ಅಕ್ಕ, ನಾನೀಗ ಅದೇ ಕನ್ನಡಕದ ಅಂಗಡೀಲಿ ಬಿಲ್ ಹಾಕ್ತೀನಿ. ಇದಕ್ಕೆ ಸಹಿ ಹಾಕಿದ್ರೆ ಅದೂ ಹೋಗತ್ತೆ. ಬೇಜಾರು ಮಾಡ್ಕೋಬೇಡಿ."

"ಇಲ್ಲಮ್ಮ, ಬೇಜಾರೇನಿದೆ" ಅಂದೆ.

ಕೊನೆಗೆ ತಾತನದು, ನನ್ನದು ಎರಡೇ ಸಹಿ. ಅವರು ನಿವೃತ್ತರು, ಕಳೆದುಕೊಳ್ಳುವುದೇನಿರಲಿಲ್ಲ. ಯಾವ ಆಸ್ಪತ್ರೆಯಿಂದಲೂ ಉತ್ತರ ಬರಲಿಲ್ಲ. ನಮ್ಮ ಆಡಳಿತಾಧಿಕಾರಿ ಮಾತ್ರ ಮೊಗಸಾಲೆಯಲ್ಲಿ ಸಿಕ್ಕಾಗ, "ಭಾಷೆ ತುಂಬ ಚೆನ್ನಾಗಿತ್ತು ಮೇಡಂ" ಅಂದರು.

ಜನವರಿಯಲ್ಲಿ ನಮ್ಮ ಪುಸ್ತಕಗಳನ್ನು ಲಾರಿಗೆ ತುಂಬಿದರು. ಬೆನ್ನು ಹರಿದವನ್ನು ಬಿಸಾಡುತ್ತಿದ್ದರು, ನಾನು ಮೆಲ್ಲಗೆ ಇಡಿ ಎಂದಾಗ ಹಮಾಲಿ, "ಹೇಗೂ ಕಾಗದದ ಮಿಲ್ಲಲ್ಲಿ ಅರೆದು ಹಾಕೋದಕ್ಕೇ ಅಲ್ವೇನಮ್ಮ ಒಯ್ಯೋದು?" ಎಂದು ಕೇಳಿದ. ಅವನು ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಈಗ ಆ ಕೋಣೆಯಲ್ಲಿ ವಿಮೆಯ ಕೌಂಟರುಗಳು. ಒಂದರ ಹಿಂದೆ ನಾನೂ ಕೂತು ಟೋಕನ್ ನಂಬರ್ ಕೂಗುತ್ತೇನೆ. ಗಂಟಲು ಕಟ್ಟಿದ ದಿನ ಪಕ್ಕದ ಹುಡುಗಿ ನನ್ನ ಪಾಲನ್ನೂ ಕೂಗುತ್ತಾಳೆ.

ಅದೇ ತಿಂಗಳು ಸಂಘವನ್ನು ವಿಸರ್ಜಿಸಿದೆವು. ಬಂದವರೇ ಕಡಿಮೆ. "ಮುಚ್ಚೋದನ್ನೂ ಅಚ್ಚುಕಟ್ಟಾಗಿ ಮುಚ್ಚೋಣ, ಲೈಬ್ರರಿಯವರಲ್ವಾ" ಎಂದರು ತಾತ. ನಿರ್ಣಯ ಓದುವುದು ಕಾರ್ಯದರ್ಶಿಯ ಕೆಲಸ, ಓದಿದೆ. ಕೈ ಎತ್ತಿದರು. ಬೀದಿಗೆ ಬಂದ ಮೇಲೆ ಯಾರಿಗೂ ಮನೆಗೆ ಹೋಗುವ ಮನಸ್ಸಿಲ್ಲ. ಬಸ್ಸು ಬಂದರೂ ಹತ್ತದೆ ಸುಮ್ಮನೆ ನಿಂತಿದ್ದೆವು. ಹೃದಯ, "ಏನಾದ್ರೂ ಬೇಕಾದ್ರೆ ಫೋನ್ ಮಾಡಿ ಅಕ್ಕ" ಅಂದ. ಅವನ ಅಟ್ಟವನ್ನು ಆಗಲೇ ಖಾಲಿ ಮಾಡಿದ್ದರು. ಅದು ಅವನಿಗೂ ಗೊತ್ತು, ನನಗೂ ಗೊತ್ತು.

ಸಾಕು. ನಿನ್ನ ಯಜಮಾನರಿಗೆ ಕೇಳಿದೆನೆಂದು ಹೇಳು. ಮಗಳಿಗೆ ನನ್ನ ಮುತ್ತು. ಅವಳ ಆ ನಗು ಯಾವತ್ತೂ ಮಾಸದಿರಲಿ. ನೀನು ಸೊಂಟಕ್ಕೆ ಎಣ್ಣೆ ಹಚ್ಚಿಕೊಳ್ಳುವುದನ್ನು ಮರೆಯಬೇಡ. ನಿನ್ನ ಮನೆ ತಣ್ಣಗಿರಲಿ, ನನ್ನ ಪಾಲಿನ ಒಳ್ಳೆಯದೇನಾದರೂ ಉಳಿದಿದ್ದರೆ ಅದೂ ನಿನಗೇ ಸೇರಲಿ.

ನಿನ್ನ,
ಅಕ್ಕ

ತಾ.ಕ.: ನೀನು ಎರಡೂ ಕಾಗದಗಳಲ್ಲಿ ಕೇಳಿದ್ದಕ್ಕೆ ಮೇಲೆ ಒಂದಕ್ಷರವೂ ಬರೆದಿಲ್ಲ. ನಿನ್ನ ಭಾವನ ಕೈ ಸುಧಾರಿಸಿಲ್ಲ. ಸುಧಾರಿಸುವುದೂ ಇಲ್ಲ. ನರಗಳು ಸೊರಗುತ್ತಾ ಹೋಗುವ ಕಾಯಿಲೆ, ಮದ್ದಿಲ್ಲ ಎಂದು ಡಾಕ್ಟರು ಹೇಳಿದ್ದು ತಾತ ಬರುವುದಕ್ಕೆ ಸ್ವಲ್ಪ ಮೊದಲು. ನಾನು ಸಂಘಕ್ಕೆ ಹೋದದ್ದು ಅದಕ್ಕೇ. ಯಾವುದೋ ಊರಿನ ಯಾವುದೋ ಜರ್ನಲ್ಲಿನಲ್ಲಿ ಏನಾದರೂ ಇರಬಹುದು, ಇಷ್ಟು ಜನ ಹುಡುಕಿದರೆ ಸಿಗಬಹುದು ಅಂದುಕೊಂಡೆ. ರೋಗಿ ಯಾರೆಂದು ಹೇಳಲಿಲ್ಲ, ಅವರೂ ಕೇಳಲಿಲ್ಲ. ಎಲ್ಲರೂ ಹುಡುಕಿದರು ಪುಟ್ಟಿ. ಚೆನ್ನಾಗಿ ಹುಡುಕಿದರು. ಏನೂ ಇಲ್ಲ. ಈಗ ನಿನ್ನ ಭಾವನ ಕಾಲೂ ಸೋಲುತ್ತಿದೆ. ಸಂಘ ಮುಚ್ಚಿದ್ದು ಅವರಿಗೆ ಗೊತ್ತಿಲ್ಲ. ಎರಡನೇ ಶನಿವಾರ ಬಂದರೆ ನಾನು ಸೀರೆ ಬದಲಿಸಿ ಹೊರಡುತ್ತೇನೆ. ನಿನ್ನೆಯೂ ಹೋಗಿದ್ದೆ. ನರ್ಸಿಂಗ್ ಶಾಲೆಯ ಎದುರಿನ ಬಸ್ ನಿಲ್ದಾಣದಲ್ಲಿ ಸಭೆ ಮುಗಿಯುವಷ್ಟು ಹೊತ್ತು ಕೂತಿದ್ದು ಮನೆಗೆ ಬಂದೆ. ಬಾಗಿಲು ತೆಗೆದ ತಕ್ಷಣ ಮಲಗಿದಲ್ಲಿಂದಲೇ, "ಏನಂದ್ರು ನಿಮ್ಮವರು?" ಎಂದು ಕೇಳಿದರು. "ಹುಡುಕ್ತಿದ್ದಾರೆ" ಅಂದೆ. ನೀನು ಬಂದಾಗ ನಿನ್ನನ್ನೂ ಕೇಳುತ್ತಾರೆ. ಸಂಘ ಚೆನ್ನಾಗಿ ನಡೀತಿದೆಯಂತೆ ಅನ್ನು.