ಆರನೇ ಅಂತಸ್ತಿನ ಗೋಡೆ

ಚಿಕಾಗೊ
18 ಅಕ್ಟೋಬರ್ 1887

ಪ್ರೀತಿಯ ಲುದ್ಮಿಲಾ ಅಕ್ಕ,

ನೀನು, ಭಾವ, ಮಗು ಎಲ್ಲರೂ ಸುಖವಾಗಿದ್ದೀರೆಂದು ನಂಬಿದ್ದೇನೆ. ನಿನ್ನ ಎರಡು ಕಾಗದಕ್ಕೂ ಉತ್ತರ ಬರೆಯಲಿಲ್ಲ, ಬೈಯಬೇಡ. ದಿನವಿಡೀ ಬಗ್ಗಿ ನಕ್ಷೆ ಎಳೆದು ಬಂದಮೇಲೆ ಪೆನ್ನು ಕಂಡರೇ ಬೇಸರ.

ಈಗ ಬರೆಯಲೇಬೇಕು. ಅಪ್ಪ ಶನಿವಾರದ ರೈಲಿಗೆ ನಿಮ್ಮ ನೆಬ್ರಾಸ್ಕಾಕ್ಕೆ ಬರುತ್ತಿದ್ದಾನೆ. ಮಂಡಿ ನೋವು, ಇಟ್ಟಿಗೆ ಕೆಲಸ ಸಾಕು ಅನ್ನುತ್ತಾನೆ. ಹೂಂ ಅನ್ನು.

ನಾನು ನಕ್ಷೆ ಎಳೆಯುವ ಕಚೇರಿಯ ಯಜಮಾನರಾದ ಟ್ರೈಲ್ ಅವರು ಕಟ್ಟುತ್ತಿರುವ ಹತ್ತು ಅಂತಸ್ತಿನ ಕಟ್ಟಡದಲ್ಲೇ ಅಪ್ಪನಿಗೂ ಕೆಲಸವಿತ್ತು. ಅದರ ಭಾರವನ್ನೆಲ್ಲ ಕಬ್ಬಿಣದ ಕಂಬಗಳೇ ಹೊರುತ್ತವೆ. ಹಣ ಹಾಕಿದವರಿಗೆ ಅದರಲ್ಲಿ ನಂಬಿಕೆಯಿಲ್ಲ, ಎರಡು ಸಲ ಕೆಲಸ ನಿಲ್ಲಿಸಿದರು. ಯಜಮಾನರು ಸೊರಗಿಹೋಗಿದ್ದಾರೆ. ಮೊನ್ನೆ ನನ್ನ ಮೇಜಿನ ಅಂಚಿಗೆ ಕೂತು, "ಯುದ್ಧದಲ್ಲಿ ಸೇತುವೆ ಕಟ್ತಿದ್ದೆ ಕಣಯ್ಯ. ನಿಲ್ಲುತ್ತೋ ಇಲ್ವೋ ಅಂತ ಯಾರೂ ಕೇಳ್ತಿರಲಿಲ್ಲ, ದಾಟ್ತಿದ್ರು ಅಷ್ಟೆ. ಈಗ ದಿನಕ್ಕೊಬ್ಬ ಬಂದು ಕಂಬ ತಟ್ಟಿ ಹೋಗ್ತಾನೆ" ಎಂದು ಕಣ್ಣುಜ್ಜಿಕೊಂಡರು.

ಹೋದ ವಾರ ಕೆಳಗಿನ ಅಂತಸ್ತುಗಳಿಗೆ ಬೇಕಾದ ಕಲ್ಲು ಬರಲಿಲ್ಲ. ಹಿಮ ಬಿದ್ದರೆ ಗಾರೆ ಹಿಡಿಯುವುದಿಲ್ಲ. ಯಜಮಾನರು ಆರನೇ ಅಂತಸ್ತಿನಿಂದಲೇ ಗೋಡೆ ಶುರುಮಾಡಿ ಅಂದುಬಿಟ್ಟರು. ಅಪ್ಪ ಮೇಲೆ ಹತ್ತಿ ನೋಡಿದರೆ ಕೆಳಗೆ ಬರೀ ಕಂಬ, ಗಾಳಿ. ಕರಣೆ ಕೆಳಗಿಟ್ಟ.

"ಬುಡದಲ್ಲಿ ಗೋಡೆ ಇಲ್ದೆ ನೆತ್ತಿ ಮೇಲೆ ಗೋಡೆಯಾ? ಮೂವತ್ತೆರಡು ವರ್ಷದಲ್ಲಿ ಇಂಥ ತಮಾಷೆ ನೋಡಿಲ್ಲ."

"ಸುಮ್ನಿರಪ್ಪ, ನಾಳೆ ಹೊಗೆಗೂಡಿಂದ ಶುರುಮಾಡ್ಸಿ ಕೆಳಕ್ಕೆ ಇಳಿಸ್ತಾರೆ" ಅಂದ ಅವನ ಗೆಳೆಯ ಮತೌಷ್.

ಅಪ್ಪ ಕೂತನೆಂದು ಉಳಿದ ಗಾರೆಯವರೂ ಕೂತರು. ಯಜಮಾನರು ನನ್ನನ್ನು ಮೇಲೆ ಕಳಿಸಿ, "ನಿಮ್ಮ ಭಾಷೇಲೇ ಹೇಳು, ನಿನ್ನ ಮಾತು ಕೇಳ್ತಾರೆ" ಅಂದರು. ಹೇಳಿದೆ. ಅಪ್ಪ ಎದ್ದು ಸಂಜೆಯವರೆಗೆ ಕಟ್ಟಿದ. ಕೆಳಗಿಳಿದು ಕರಣೆ ತೊಳೆದು ಗೋಣಿಯಲ್ಲಿ ಸುತ್ತಿಟ್ಟವನು ಮತ್ತೆ ಹೋಗಿಲ್ಲ.

"ನಿಮ್ಮಪ್ಪನ ಗೋಡೆ ಕೂದಲೆಳೆಯಷ್ಟೂ ವಾಲಿಲ್ಲ. ಬರೋಕೆ ಹೇಳು" ಎಂದು ಯಜಮಾನರು ಎರಡು ಸಲ ಹೇಳಿಕಳಿಸಿದರು. ಅಪ್ಪ ಸೂಪು ಕುಡಿಯುತ್ತಲೇ ಕೂತಿದ್ದ.

ನನಗೂ ಈ ಊರು ಸಾಕಾಗಿದೆ ಅಕ್ಕ. ನ್ಯೂಯಾರ್ಕಿಗೆ ಹೋಗಲೇ ಅನ್ನಿಸುತ್ತದೆ, ಮರುದಿನ ಅದೂ ಬೇಡವೆನಿಸುತ್ತದೆ.

ಅಪ್ಪನ ರೊಟ್ಟಿಗೆ ಸೋಂಪು ಹಾಕು, ಇಲ್ಲದಿದ್ದರೆ ತಿನ್ನುವುದಿಲ್ಲ. ಮಗುವಿಗೆ ನನ್ನ ಮುತ್ತು. ದೇವರು ನಿಮ್ಮ ಮನೆ ಬೆಚ್ಚಗಿಡಲಿ.

ನಿನ್ನ ತಮ್ಮ,
ಬೋಹುಮಿಲ್

ಮರೆತಿದ್ದು: ಮರೆತಿದ್ದಲ್ಲ, ಬರೆಯಲು ಆಗಲಿಲ್ಲ. ಮಂಡಿ ನೋವು ಸುಳ್ಳು. ಅವತ್ತು ಎಲ್ಲರ ಮುಂದೆ ನಾನು ಅಂದದ್ದು ಇಷ್ಟು: "ಹೆದರಬೇಡಪ್ಪ, ನಿನ್ನ ಗೋಡೆ ಏನನ್ನೂ ಹೊರಲ್ಲ. ಅದು ಇದ್ರೂ ಕಟ್ಟಡ ನಿಲ್ಲುತ್ತೆ, ಇಲ್ದಿದ್ರೂ ನಿಲ್ಲುತ್ತೆ. ಚಳಿಗೆ ಹೊದಿಸೋ ಕಂಬಳಿ ಅಷ್ಟೆ." ನಾಲ್ಕು ಜನ ನಕ್ಕರು. ನಾನೂ ನಕ್ಕೆ.

ನಿನ್ನೆ ಊಟದ ಮೇಲೆ ಅಪ್ಪ ಆ ಕಟ್ಟಡದ ನಕ್ಷೆ ಬಿಚ್ಚಿ ತೋರಿಸು ಅಂದ. ಕಂಬ, ತೊಲೆಗಳ ಮೇಲೆ ಹೆಬ್ಬೆರಳು ಆಡಿಸಿ, "ಇದರಲ್ಲಿ ನನ್ನ ಗೋಡೆ ಎಲ್ಲಿದೆ?" ಅಂತ ಕೇಳಿದ. ಆ ಹಾಳೆಯಲ್ಲಿ ನಾನು ಗೋಡೆಯನ್ನೇ ಬರೆದಿರಲಿಲ್ಲ ಅಕ್ಕ. ಅಪ್ಪ ಅದನ್ನು ಸುಕ್ಕಾಗದಂತೆ ಸುರುಳಿ ಸುತ್ತಿ ನನ್ನ ಕೈಗೆ ಕೊಟ್ಟ.

"ಚೆನ್ನಾಗಿ ಎಳ್ದಿದೀಯ" ಅಂದ.