ಆಷಾಢದ ಹಿಮ

ಕೆ.ಬಿ. ಬಡಾವಣೆ, ದಾವಣಗೆರೆ
29 ಜೂನ್ 2025, ಭಾನುವಾರ

ಅವ್ವ,

ನಮಸ್ಕಾರ. ಕೋಪ ಇಳಿಯದಿದ್ದರೂ ಪರವಾಗಿಲ್ಲ, ಹರಿಯುವ ಮೊದಲು ಪೂರ್ತಿ ಓದು.

ನಾಲ್ಕು ತಿಂಗಳಿಂದ ನಿನಗೆ ಒಂದು ವಿಷಯ ಮುಚ್ಚಿಟ್ಟಿದ್ದೇನೆ. ನಾನು ದಾವಣಗೆರೆಯಲ್ಲಿ ಹೊಲಿಗೆ ಕ್ಲಾಸಿಗೆ ಹೋಗುತ್ತಿರಲಿಲ್ಲ. ಬೆಳಿಗ್ಗೆ ಹರಿಹರದ ಗಂಡನ ಮನೆಯಿಂದ ಹೊರಟು ಬಸ್ಸು ಹತ್ತಿ ನೇರ ಮಸ್ತಾನಸಾಬರ ಮಂಡಕ್ಕಿ ಭಟ್ಟಿಗೆ ಹೋಗುತ್ತಿದ್ದೆ. ಶಾಲೆಯಲ್ಲಿ ನನ್ನ ಪಕ್ಕ ಕೂರುತ್ತಿದ್ದ ಫಿರ್ದೌಸ್ ನೆನಪಿದ್ದಾಳಲ್ಲ, ಅವಳ ಅಪ್ಪನ ಭಟ್ಟಿ. ಅದರ ಹಿಂದೆ ಒಲೆಗೆ ಹಾಕಲು ತರಿಸಿದ ಭತ್ತದ ಹೊಟ್ಟು ಗುಡ್ಡದ ಹಾಗೆ ಬಿದ್ದಿರುತ್ತದೆ. ಆ ಗುಡ್ಡ ಹತ್ತಿ, ಕಾಲಿಗೆ ಹಲಗೆ ಕಟ್ಟಿಕೊಂಡು, ಕೆಳಗೆ ಜಾರುವುದನ್ನು ಕಲಿಯುತ್ತಿದ್ದೆ.

ತಲೆ ಕೆಟ್ಟಿದೆ ಅನ್ನುತ್ತೀಯ. ಅನ್ನು. ಆದರೆ ನಾನು ಸುಳ್ಳು ಹೇಳಿಲ್ಲ. ಅತ್ತೆ ಮೊದಲ ದಿನ "ಎಲ್ಲಿಗೆ ಹೊಂಟಿ?" ಎಂದು ಕೇಳಿದಾಗ "ಕಲಿಯಾಕ" ಎಂದೆ. ಹೊಲಿಗೆ ಎಂದು ಅವರೇ ಅಂದುಕೊಂಡರು, ನಿನಗೂ ಅವರೇ ಹೇಳಿದರು. ಮೇ ತಿಂಗಳಲ್ಲಿ ಕಾಲು ಊದಿಸಿಕೊಂಡು ನಂದಿಗುಡಿಗೆ ಬಂದಾಗ ಏನಾಯಿತು ಎಂದು ನೀನು ಕೇಳಿದೆ. ಜಾರಿ ಬಿದ್ದೆ ಎಂದೆ. ಎಲ್ಲಿಂದ ಎಂದು ನೀನು ಕೇಳಲಿಲ್ಲ. ಬಾಯಿ ಮುಚ್ಚಿಕೊಂಡಿರುವುದೂ ಸುಳ್ಳಿಗೆ ಹತ್ತಿರದ ಸಂಬಂಧಿಯೇ ಎಂದು ಈಗ ಅನ್ನಿಸುತ್ತಿದೆ, ಅದಕ್ಕೆ ಬರೆಯುತ್ತಿದ್ದೇನೆ. ಮಣ್ಣೆತ್ತಿನ ಅಮಾವಾಸ್ಯೆಯ ಜಗಳದಿಂದ ನೀನು ನನ್ನ ಫೋನು ಎತ್ತುತ್ತಿಲ್ಲ. ಇಲ್ಲಿ ರೇಖಕ್ಕನ ಮನೆಗೆ ಬಂದು ಅವಳ ಫೋನಿಂದ ಮಾಡಿದರೆ ನನ್ನ ದನಿ ಕೇಳಿದ ಕೂಡಲೇ ಅಪ್ಪನ ಕೈಗೆ ಕೊಡುತ್ತೀಯ. ಅಪ್ಪ "ಉಂಡ್ಯೇನವ್ವ?" ಎಂದು ಕೇಳಿ ಇಟ್ಟುಬಿಡುತ್ತಾರೆ. ಹಾಗಾಗಿ ಕಾಗದ. ನಾಳೆ ಬೆಳಿಗ್ಗೆ ಭಾವ ನಂದಿಗುಡಿಗೆ ಬರುತ್ತಾರೆ, ಅವರ ಕೈಲಿ ಕಳಿಸುತ್ತೇನೆ.

ಕೆಲಸ ಸಿಕ್ಕಿದೆ ಎಂದು ಅಮಾವಾಸ್ಯೆಯ ದಿನ ಹೇಳಿದೆ. ಎಂಥ ಕೆಲಸ ಎಂದು ಒಬ್ಬರಾದರೂ ಕೇಳಿದಿರಾ? ಈಗ ಹೇಳುತ್ತೇನೆ, ಕೇಳು. ನ್ಯೂಜಿಲೆಂಡಿನಲ್ಲಿ ಮೆಥ್ವೆನ್ ಎಂಬ ಸಣ್ಣ ಊರಿದೆ. ಅದರ ಹತ್ತಿರದ ಬೆಟ್ಟದ ಮೇಲೆ ಚಳಿಗಾಲದಲ್ಲಿ ಹಿಮ ಬೀಳುತ್ತದೆ. ಜನ ಕಾಲಿಗೆ ಉದ್ದುದ್ದ ಪಟ್ಟಿ ಸಿಕ್ಕಿಸಿಕೊಂಡು ಅದರ ಮೇಲೆ ಜಾರುತ್ತಾರೆ. ಸ್ಕೀಯಿಂಗ್ ಅನ್ನುತ್ತಾರೆ. ಆ ಪಟ್ಟಿ, ಬೂಟು ಬಾಡಿಗೆಗೆ ಕೊಡುವ ಅಂಗಡಿಯಲ್ಲಿ ನಾನು ಬಂದವರ ಕಾಲಿಗೆ ಸರಿಯಾದ ಬೂಟು ಹುಡುಕಿ ತೊಡಿಸಬೇಕು, ಸಂಜೆ ಒದ್ದೆ ಬೂಟುಗಳನ್ನು ಒಣಗಲು ಇಡಬೇಕು. ಅಷ್ಟೇ. ಹರಿಹರದಲ್ಲಿ ಇದನ್ನು ಬಿಡಿಸಿ ಹೇಳಿದಾಗ ಅತ್ತೆ, "ಕಂಡೋರ ಮೆಟ್ಟು ಒಣಗ್ಸಾಕ ಸಮುದ್ರ ದಾಟಬೇಕೇನು? ನಮ್ಮ ಬಸ್‌ಸ್ಟ್ಯಾಂಡ್ ಮುಂದ ಕುಂತ್ರೂ ಸಿಕ್ತೈತೆ ಆ ಕೆಲಸ" ಎಂದರು. ನನಗೆ ನಗು ಬಂತು, ಅವರಿಗೆ ಇನ್ನೂ ಸಿಟ್ಟು ಬಂತು.

ಈ ಕೆಲಸದ ಜಾಹೀರಾತು ಕಳಿಸಿದ್ದು ನನ್ನ ಗಂಡ, ನಿನ್ನ ಅಳಿಯ. ಮದುವೆಯಾಗಿ ಇಪ್ಪತ್ತು ದಿನಕ್ಕೆ ಆಕ್ಲೆಂಡಿನ ಹೋಟೆಲಿಗೆ ವಾಪಸು ಹೋದರಲ್ಲ, ಅದಾದ ವಾರಕ್ಕೆ. ತಮಾಷೆಗೆ ಕಳಿಸಿದ್ದರು. "ನೋಡು, ಹಿಮದಾಗ ಕೆಲ್ಸ ಐತಂತೆ, ಮಾಡ್ತೀಯೇನು?" ಎಂದು ಬರೆದು ಕೆಳಗೆ ನಗುವ ಮುಖ ಹಾಕಿದ್ದರು. ನಾನು ಅದನ್ನು ಫಿರ್ದೌಸಳಿಗೆ ಓದಿಸಿದೆ. ಸ್ವಲ್ಪವಾದರೂ ಜಾರಲು ಬಂದರೆ ಒಳ್ಳೆಯದು ಎಂದು ಅದರಲ್ಲಿ ಇತ್ತು. ದಾವಣಗೆರೆಯಲ್ಲಿ ಹಿಮ ಎಲ್ಲಿಂದ ತರುವುದು? ಹೊಟ್ಟಿನ ಗುಡ್ಡ ಕಣ್ಣಿಗೆ ಬಿತ್ತು.

ಹೊಟ್ಟು ಹಿಮವಲ್ಲ. ಹಲಗೆ ಸಮೇತ ಕಾಲು ಮೊಣಕಾಲವರೆಗೆ ಹೂತುಹೋಗುತ್ತಿತ್ತು. ಮೂಗಲ್ಲಿ, ಕಿವಿಯಲ್ಲಿ, ಜಡೆಯಲ್ಲಿ ಎಲ್ಲ ಹೊಟ್ಟೇ. ಹರಿಹರಕ್ಕೆ ಹೋಗುವ ಮೊದಲು ಫಿರ್ದೌಸ್ ನನ್ನನ್ನು ಕೂರಿಸಿ ತಲೆ ಕೊಡವುತ್ತಿದ್ದಳು. ಮಸ್ತಾನಸಾಬರು ಭಟ್ಟಿಯ ಮುಂದಿನಿಂದಲೇ, "ಏನವ್ವಾ, ಇಳಿದ್ಯೋ, ಇಲ್ಲಾ ಅಲ್ಲೇ ನಾಟಿ ಆದ್ಯೋ?" ಎಂದು ಕೂಗುತ್ತಿದ್ದರು. ಕೊನೆಗೆ ನಾನೊಂದು ಉಪಾಯ ಮಾಡಿದೆ. ಅಂಗಳದ ಮೂಲೆಯಲ್ಲಿ ಮಡಚಿಟ್ಟ ಪ್ಲಾಸ್ಟಿಕ್ ತಾಡಪತ್ರಿ ಎಳೆದು ತಂದು ಇಳಿಜಾರಿಗೆ ಹಾಸಿ, ನಾಲ್ಕು ಮೂಲೆಗೂ ಗೂಟ ಹೊಡೆದೆ. ಆಗ ಜಾರಿತು ಅವ್ವ. ನಿಜವಾಗಿ ಜಾರಿತು. ಗುಡ್ಡದ ಬುಡದಲ್ಲಿ ನಿಂತಾಗ ನಾನು ನಗುತ್ತಿದ್ದೆ. ಶಾಲೆಯಲ್ಲಿ ಕೂತ ಒಂದು ದಿನವೂ ನನಗೆ ಹಾಗೆ ಅನ್ನಿಸಿರಲಿಲ್ಲ.

ಆದರೆ ನಾನು ಮೇಲೆ ನೋಡಿರಲಿಲ್ಲ. ಅವತ್ತು ಅಂಗಳದ ತುಂಬ ಮಂಡಕ್ಕಿಗೆಂದು ಉಪ್ಪುನೀರು ಹಾಕಿದ ಅಕ್ಕಿ ಆರಲು ಹರಡಿತ್ತು. ಊಟದ ಹೊತ್ತಿಗೆ ಬಾತಿ ಗುಡ್ಡದ ಕಡೆಯಿಂದ ಕಪ್ಪು ಮೋಡ ಎದ್ದು, ಗಾಳಿ ಬೀಸಿ, ಎರಡು ಮಾತಾಡುವಷ್ಟರಲ್ಲಿ ದಪ್ಪ ಹನಿ ಬಿದ್ದವು. ಎಲ್ಲರೂ ತಾಡಪತ್ರಿಗೆ ಓಡಿದರು. ತಾಡಪತ್ರಿ ನನ್ನ ಕಾಲ ಕೆಳಗಿತ್ತು. ಹಲಗೆ ಬಿಚ್ಚಲೂ ಹೊಳೆಯದೆ ಹಾಗೇ ಗೂಟ ಕೀಳಲು ಹೋಗಿ ಬಿದ್ದೆ. ಕಾಲು ಊದಿದ್ದು ಹಾಗೆ. ಒಂದು ಅಂಗಳ ಅಕ್ಕಿ ನೆನೆದು ಮುದ್ದೆಯಾಯಿತು. ಮಸ್ತಾನಸಾಬರು ಬೈಯುತ್ತಾರೆ ಎಂದು ಕಾದೆ. ಅವರು ನನ್ನ ಕಾಲಿಗೆ ಬಟ್ಟೆ ಸುತ್ತುತ್ತ, "ಜಾರೋದು ಆಮ್ಯಾಲೆ ಕಲೀ ಬೇಟಾ. ಮೊದ್ಲು ಕತ್ತು ಎತ್ತೋದು ಕಲಿ" ಎಂದರು. ಕಾಲು ವಾಸಿಯಾದ ಮೇಲೆ ಮೋಡ ನೋಡಿ ಕೂಗುವ ಕೆಲಸ ನನಗೇ ಕೊಟ್ಟರು. ಮೂರು ಸಲ ಎಲ್ಲರನ್ನೂ ಸುಳ್ಳು ಸುಳ್ಳೇ ಓಡಿಸಿದೆ, ಬೈಸಿಕೊಂಡೆ. ಆಮೇಲೆ ಗಾಳಿಯ ವಾಸನೆ ಗೊತ್ತಾಗತೊಡಗಿತು.

ಆ ಅಂಗಡಿಯ ಹೆಂಗಸು ಫೋನಿನಲ್ಲಿ ನನ್ನನ್ನು ನೋಡುತ್ತ ಮಾತಾಡಿದಳು. ಫಿರ್ದೌಸ್ ಪಕ್ಕದಲ್ಲಿ ಕೂತು ಅರ್ಥ ಹೇಳುತ್ತಿದ್ದಳು. ಎಷ್ಟು ಓದಿದ್ದೀಯ ಎಂದು ಆ ಹೆಂಗಸು ಕೇಳಿದಳು. ಹತ್ತನೇ ತರಗತಿಯ ಮಧ್ಯದಲ್ಲಿ ಎದ್ದುಬಂದೆ ಎಂದೆ. ಫಿರ್ದೌಸ್ ತೊಡೆ ಚಿವುಟಿದಳು. ಹಿಮ ನೋಡಿದ್ದೀಯಾ? ಫ್ರಿಜ್ಜಿನೊಳಗೆ ಮಾತ್ರ ಎಂದೆ. ಮತ್ತೆ ಚಿವುಟಿದಳು. ನಮ್ಮ ಬೆಟ್ಟದಲ್ಲಿ ಬೆಳಿಗ್ಗೆ ಬಿಸಿಲು, ಮಧ್ಯಾಹ್ನ ಮನುಷ್ಯರನ್ನು ತಳ್ಳುವ ಗಾಳಿ, ಸಂಜೆಗೆ ಕಣ್ಣು ಕಾಣದಷ್ಟು ಹಿಮ, ಹವಾ ಕೆಟ್ಟರೆ ಬೆಟ್ಟವನ್ನೇ ಮುಚ್ಚುತ್ತೇವೆ, ನಿನಗೆ ಅಭ್ಯಾಸ ಇದೆಯಾ ಎಂದಳು. ಇಲ್ಲ ಎಂದು ಹೇಳಿ, ತಾಡಪತ್ರಿಯ ಕಥೆ ಹೇಳಿದೆ. ಅಕ್ಕಿ ನೆನೆದದ್ದನ್ನೂ ಹೇಳಿದೆ. ಅವಳು ಕಣ್ಣೊರೆಸಿಕೊಂಡು ನಕ್ಕಳು. ಎರಡು ದಿನಕ್ಕೆ ಕೆಲಸದ ಪತ್ರ ಬಂತು. ಜುಲೈ ನಾಲ್ಕಕ್ಕೆ ಸೇರಬೇಕು, ಇಲ್ಲದಿದ್ದರೆ ಬೇರೆಯವರಿಗೆ ಕೊಡುತ್ತಾರೆ. ನನ್ನ ಇಪ್ಪತ್ತೆರಡು ವರ್ಷದಲ್ಲಿ ನನ್ನನ್ನೇ ನೋಡಿ, ನನ್ನ ಮಾತು ಕೇಳಿ, ಬಾ ಎಂದ ಮೊದಲ ಜಾಗ ಅದು.

ಇನ್ನು ನಿಮ್ಮೆಲ್ಲರ ತಯಾರಿ. ಅದನ್ನು ನೆನೆಸಿಕೊಂಡರೆ ಗೋಡೆಗೆ ತಲೆ ಚಚ್ಚಿಕೊಳ್ಳಬೇಕು ಅನ್ನಿಸುತ್ತದೆ.

ಏಪ್ರಿಲಿನಲ್ಲಿ ಗಂಡನ ಹೆಸರಿನ ಮೇಲೆ, ಕೆಲಸ ಮಾಡಲೂ ಬಿಡುವ ವೀಸಾ ಬಂದಾಗಲೇ ಹೊರಡುತ್ತೇನೆ ಎಂದೆ. "ಅಲ್ಲಿ ಚಳಿ ಕಮ್ಮಿ ಆಗ್ಲಿ" ಎಂದು ನೀನೂ ಅತ್ತೆಯೂ ಸೇರಿ ಮುಂದಕ್ಕೆ ಹಾಕಿದಿರಿ. ನಮಗೆ ಬೇಸಿಗೆ ಇದ್ದಾಗ ಅವರಿಗೆ ಚಳಿಗಾಲ ಶುರುವಾಗುತ್ತದೆ, ಜೂನ್ ಜುಲೈ ಆಗಸ್ಟ್ ಅಲ್ಲಿ ಹಿಮದ ತಿಂಗಳು ಎಂದು ಎಷ್ಟು ಸಲ ಹೇಳಿದೆ? ಭಾವನಿಗೆ ಫೋಟೋ ತೋರಿಸಿದೆ. "ಯಾವ್ದೋ ಹಳೇ ಫೋಟೋ ಇರಬೇಕು, ಜೂನ್‌ನಾಗ ಎಲ್ಲಿ ಹಿಮ ಬೀಳ್ತೈತಿ?" ಎಂದರು. ಶಾಲೆ ಬಿಟ್ಟವಳಿಗೆ ಭೂಗೋಳ ಏನು ಗೊತ್ತು, ಅಲ್ಲವೇ? ಚಳಿ ತಪ್ಪಿಸಲು ಹೋಗಿ ನನ್ನನ್ನು ಸರಿಯಾಗಿ ಚಳಿಗಾಲದ ನಡುಮಧ್ಯಕ್ಕೆ ತಂದು ನಿಲ್ಲಿಸಿದಿರಿ. ನನಗೆ ಅದೇ ಬೇಕಿತ್ತು, ಆ ಮಾತು ಬೇರೆ.

ಬಟ್ಟೆಯದು ಇನ್ನೊಂದು ಕಥೆ. ಫಿರ್ದೌಸಳ ಜೊತೆ ಉರಿ ಬಿಸಿಲಲ್ಲಿ ಪೇಟೆ ಸುತ್ತಿ ಉಣ್ಣೆಯದು ಕೇಳಿದರೆ ಅಂಗಡಿಯವನು, "ಜ್ವರ ಗಿರ ಬಂದೈತೇನವ್ವ?" ಎಂದು ಹಣೆ ನೋಡಿದ. ಅಟ್ಟದಿಂದ ಇಳಿಸಿದ್ದು ನುಸಿಗುಳಿಗೆ ವಾಸನೆಯ ಮಂಕಿಕ್ಯಾಪು. ಅತ್ತೆ ಆರು ಜೊತೆ ಹತ್ತಿಯ ಬನಿಯನ್ನು ತಂದರು. ಹತ್ತಿ ಬೆವರು ಹೀರಿ ಒದ್ದೆಯಾಗೇ ಇರುತ್ತದೆ, ಆ ಒದ್ದೆ ಹಿಮದಲ್ಲಿ ಮೈ ಕೊರೆಯುತ್ತದೆ, ಹತ್ತಿ ಬೇಡ ಎಂದು ಅಂಗಡಿಯ ಹೆಂಗಸು ಬರೆದು ಕಳಿಸಿದ್ದಳು. ಮೈಗೆ ಅಂಟಿ ಬೆವರು ಹೊರಗೆ ಹಾಕುವುದೊಂದು, ಅದರ ಮೇಲೆ ಬೆಚ್ಚನೆಯದೊಂದು, ಎಲ್ಲಕ್ಕೂ ಮೇಲೆ ಗಾಳಿ ನೀರು ತಡೆಯುವುದೊಂದು. ಬಿಸಿಲು ಬಂದರೆ ಒಂದು ತೆಗೆ, ಗಾಳಿ ಬಂದರೆ ಒಂದು ಹಾಕು. ಇದನ್ನು ಅತ್ತೆಗೆ ಹೇಳಿದರೆ, "ನಮ್ಮ ಬನಿಯನ್ನು ನಿಂಗೆ ಬ್ಯಾಡಾತು ನೋಡು" ಎಂದು ಎರಡು ದಿನ ಮುಖ ತಿರುಗಿಸಿದರು. ನೀನು ಕಂಬಳಿ ಕಳಿಸಿದೆ. ಒಳ್ಳೆಯ ಕಂಬಳಿ, ಬೆಚ್ಚಗಿದೆ. ಆದರೆ ಅದೊಂದನ್ನೇ ಇಟ್ಟರೆ ಪೆಟ್ಟಿಗೆ ತುಂಬುತ್ತದೆ. ರೇಖಕ್ಕನ ಮನೆಯಲ್ಲಿ ಬಿಟ್ಟುಹೋಗುತ್ತಿದ್ದೇನೆ. ಯಾರೂ ನನ್ನನ್ನು ಒಂದು ಸಲ ಕೂರಿಸಿಕೊಂಡು, ಅಲ್ಲಿ ಹೆಂಗಿರ್ತೈತೆ, ನಿಂಗೇನು ಬೇಕು ಎಂದು ಕೇಳಲಿಲ್ಲ. ಎಲ್ಲರೂ ತಮಗೆ ಹೆದರಿಕೆಯಾದದ್ದನ್ನು ನನ್ನ ಪೆಟ್ಟಿಗೆಗೆ ತುಂಬಿದಿರಿ.

ಕೊನೆಗೆ ಆಷಾಢ. ಅವತ್ತು ಮಣ್ಣೆತ್ತಿಗೆ ಪೂಜೆ ಮಾಡಿ ಎದ್ದವಳು ನೀನು, ಕೈಯಲ್ಲಿ ಆರತಿ ತಟ್ಟೆ ಹಾಗೇ ಇತ್ತು. "ಹೊಸ ಮದುವಿ ಹುಡುಗೀನ ಆಷಾಢದಾಗ ಗಂಡನ ಹತ್ರ ಯಾರು ಕಳಿಸ್ತಾರ? ಗಂಡ ಹೆಂಡ್ತಿ ಒಂದು ಸೂರಿನ ಕೆಳಗ ಇರಬಾರ್ದು ಅಂತ ಐತೆ. ಶ್ರಾವಣ ಬರ್ಲಿ" ಎಂದೆ. ಶ್ರಾವಣಕ್ಕೆ ಕೆಲಸ ಇರುವುದಿಲ್ಲ ಎಂದೆ ನಾನು. "ಕೆಲ್ಸ ಹೋದ್ರೆ ಇನ್ನೊಂದು, ಮಂದಿ ಬಾಯಿಗೆ ಏನು ಹೇಳ್ಲಿ?" ಎಂದೆ ನೀನು. ಆಮೇಲೆ ಅಂದದ್ದು ನಿನಗೆ ನೆನಪಿರಬಹುದು. "ಕುಂತಲ್ಲಿ ಕುಂದ್ರಾಕ ಬರಲ್ಲ, ನಿಂತಲ್ಲಿ ನಿಂದ್ರಾಕ ಬರಲ್ಲ. ಶಾಲಿ ಬಿಟ್ಟಿ, ಈಗ ಇದು. ಹೋಗಾದಾದ್ರೆ ಹೋಗು, ಆಷಾಢದಾಗ ದಾಟಿದ್ರೆ ಈ ಹೊಸ್ತಿಲು ಮರ್ತುಬಿಡು."

ನಿನ್ನ ಮಾತಿನಲ್ಲಿ ಅರ್ಧ ನಿಜ. ನನಗೆ ಕುಂದ್ರಲು ಬರುವುದಿಲ್ಲ. ಅದಕ್ಕೇ ಕುಂದ್ರದ ಕೆಲಸ ಹುಡುಕಿಕೊಂಡೆ.

ಆಮೇಲೂ ನಾನು ಎಲ್ಲರನ್ನೂ ಕೇಳಿದೆ. ಅತ್ತೆಯನ್ನು ಕೇಳಿದೆ, "ನಿಮ್ಮವ್ವ ಹ್ಞೂಂ ಅಂದ್ರೆ ನಂದೇನೈತೆ" ಎಂದರು. ನಿನ್ನನ್ನು ಮೊದಲೇ ಕೇಳಿದಾಗ "ನಿಮ್ಮತ್ತಿ ಒಪ್ಪಬೇಕಲ್ಲ" ಎಂದಿದ್ದೆ. ಅಪ್ಪ "ಅವ್ವನ್ನ ಕೇಳು" ಎಂದರು. ನಿನ್ನ ಅಳಿಯ "ಹಿರೇರು ಏನಂತಾರೋ ಹಂಗೆ" ಎಂದರು. ಎಲ್ಲರ ಕೈಯಲ್ಲೂ ಇನ್ನೊಬ್ಬರ ಬೀಗದ ಕೈ, ತಮ್ಮ ಬಾಗಿಲು ತೆರೆಯುವವರು ಒಬ್ಬರೂ ಇಲ್ಲ. ಅವತ್ತೇ ನಿರ್ಧಾರ ಮಾಡಿದೆ. ಹರಿಹರದಿಂದ ನಂದಿಗುಡಿಗೆ ಬರಬೇಕಾದವಳು ರೇಖಕ್ಕನ ಮನೆಗೆ ಬಂದೆ. ಅಕ್ಕನನ್ನು ಬೈಯಬೇಡ. ಅವಳೂ ಬೇಡ ಅಂದಳು, ಅಂದು ಅನ್ನ ಹಾಕಿದಳು.

ನನಗೆ ಸಿಟ್ಟಿದೆ ಅವ್ವ. ಬರೆಯುವಾಗಲೂ ಇದೆ. ನೀನು ಬಾ ಎಂದು ಕರೆಯಲಿ ಎಂದು ಬರೆಯುತ್ತಿಲ್ಲ, ಕ್ಷಮಿಸು ಅನ್ನಲೂ ಬರೆಯುತ್ತಿಲ್ಲ. ನಾನು ಹೋದ ಮೇಲೆ ಬೇರೆಯವರ ಬಾಯಿಂದ ಅರ್ಧಂಬರ್ಧ ಕೇಳಬೇಡ ಎಂದು ಬರೆಯುತ್ತಿದ್ದೇನೆ. ಮಂಡಿನೋವಿನ ಎಣ್ಣೆ ಮುಗಿದಿರಬೇಕು, ಹೊಸ ಬಾಟಲಿ ಭಾವನ ಚೀಲದಲ್ಲಿಟ್ಟಿದ್ದೇನೆ. ಬಿಸಿ ಮಾಡಿ ಹಚ್ಚಿಕೋ.

ಹಟಮಾರಿ ಎಂದು ನೀನೇ ಹೆಸರಿಟ್ಟ ಮಗಳು,
ಬಿಂದು

ತಾ.ಕ.: ಮೇಲೆ ಬರೆಯಲು ಧೈರ್ಯ ಬರಲಿಲ್ಲ, ಬರೆಯದೆ ಮುಚ್ಚಲೂ ಮನಸ್ಸು ಒಪ್ಪಲಿಲ್ಲ. ನಿನ್ನ ಅಳಿಯ ಇರುವ ಆಕ್ಲೆಂಡು ಒಂದು ದ್ವೀಪದಲ್ಲಿದೆ, ನಾನು ಹೋಗುವ ಮೆಥ್ವೆನ್ ಇನ್ನೊಂದರಲ್ಲಿ. ನಡುವೆ ಸಮುದ್ರ. ನಾನು ಅವರ ಮನೆಗೆ ಹೋಗುತ್ತಿಲ್ಲ. ಹಿಮ ಕರಗುವವರೆಗೆ ಕೆಲಸದ ಹುಡುಗಿಯರು ಇರುವ ಮನೆಯಲ್ಲಿ, ನಾಲ್ವರ ಜೊತೆ ಒಂದು ಕೋಣೆಯಲ್ಲಿ ಇರುತ್ತೇನೆ. ಗಂಡ ಹೆಂಡತಿ ಒಂದು ಸೂರಿನ ಕೆಳಗೆ ಇರಬಾರದು ಎಂಬ ನಿನ್ನ ಮಾತು ಆಷಾಢದಲ್ಲಿ ಮುರಿಯುವುದಿಲ್ಲ. ಶ್ರಾವಣದಲ್ಲೂ ಇಲ್ಲ, ಭಾದ್ರಪದದಲ್ಲೂ ಇಲ್ಲ. ಅವರಿಗೆ ಹೇಳಿದ್ದೇನೆ. ಗುರುವಾರದಿಂದ ಅವರೂ ಮಾತಾಡುತ್ತಿಲ್ಲ. ಅವರು ಕೆಟ್ಟವರಲ್ಲ ಅವ್ವ. ಇಪ್ಪತ್ತು ದಿನ ನೋಡಿದ ಮನುಷ್ಯನ ಮನೆಗೆ ಹೋಗುವ ಮೊದಲು ಒಂದು ಚಳಿಗಾಲ ನನ್ನ ಕಾಲ ಮೇಲೆ ನಿಲ್ಲಬೇಕು ಅನ್ನಿಸಿತು. ಆಮೇಲೆ ಹೋಗುತ್ತೇನೋ ಇಲ್ಲವೋ, ಇವತ್ತು ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ಬರೆಯಲಾರೆ. ನಾಳೆ ಸಂಜೆ ಹೊರಡುತ್ತೇನೆ.